ಅತ್ತೆ ತೋರಿಸಿದ ಮನೆ

ಹೋದ ತಿಂಗಳು ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಕೀಲ್ಪಾಕ್ ಮನೆ ಮಾರಿದಿರಲ್ಲ, ಆ ಅನುಭವವನ್ನೇ ಹೇಳಿ. ನಮ್ಮಲ್ಲಿ ತುಂಬ ಜನರ ಹತ್ತಿರ ಹಳೇ ಫ್ಲ್ಯಾಟುಗಳಿವೆ" ಅಂದರು. ನಾನು ಬ್ರೋಕರೂ ಅಲ್ಲ, ವಕೀಲಳೂ ಅಲ್ಲ. ಎಂಟು ತಿಂಗಳು ಒಂದು ಮನೆಯನ್ನು ಗುಡಿಸಿ, ತೊಳೆದು, ಬಂದವರಿಗೆಲ್ಲ ಕಾಫಿ ಕೊಟ್ಟು ಸುಸ್ತಾದವಳು. ಅಷ್ಟೇ ನನ್ನ ಅರ್ಹತೆ.

ನಮ್ಮ ಮಾವನವರು ಮೈಸೂರಿನಿಂದ ಕೆಲಸಕ್ಕಾಗಿ ಮದರಾಸಿಗೆ ಬಂದವರು. 1986ರಲ್ಲಿ ಕೀಲ್ಪಾಕ್ ಗಾರ್ಡನ್ ರಸ್ತೆಯ ಹತ್ತಿರ ಎರಡನೇ ಮಹಡಿಯಲ್ಲಿ ಆ ಫ್ಲ್ಯಾಟ್ ತೆಗೆದುಕೊಂಡರು. ಲಿಫ್ಟ್ ಇಲ್ಲ. ಮಾವ ಹೋದ ಮೇಲೂ ಅತ್ತೆ ಅಲ್ಲೇ ಇದ್ದರು. ಎಂಬತ್ತು ದಾಟಿದ ಮೇಲೆ ಮಂಡಿ ಕೈಕೊಟ್ಟಿತು. ಡಾಕ್ಟರ ಹತ್ತಿರ ಹೋಗಬೇಕೆಂದರೆ ಕುರ್ಚಿಯಲ್ಲಿ ಕೂರಿಸಿ ವಾಚ್‌ಮನ್ ಒಂದು ಕಡೆ, ನನ್ನ ಮಗ ಒಂದು ಕಡೆ ಹಿಡಿದು ಇಳಿಸಬೇಕು. ಇದನ್ನು ಮಾರಿ ಲಿಫ್ಟ್ ಇರುವ ಮನೆ ತೆಗೆದುಕೊಳ್ಳೋಣ ಎಂದು ತೀರ್ಮಾನವಾಯಿತು. ಅತ್ತೆ "ಸರಿ" ಅಂದರು. ಅತ್ತೆಯ ಒಂದು "ಸರಿ"ಯಲ್ಲಿ ಎಷ್ಟು ಅರ್ಥ ಇರುತ್ತದೆ ಅಂತ ಇಲ್ಲಿರುವ ಸೊಸೆಯರಿಗೆ ನಾನು ಹೇಳಬೇಕಾಗಿಲ್ಲ.

2023ರ ಜುಲೈ ಕೊನೆಗೆ ಜಾಹೀರಾತು ಹಾಕಿದೆವು. ಅದೇ ಮೊದಲ ತಪ್ಪು. ನಮಗೆ ಆಷಾಢ ಹೇಗೋ ಇಲ್ಲಿಯವರಿಗೆ ಆಡಿ ಹಾಗೆ. ನೋಡೋಕೆ ಬರುತ್ತಾರೆ, ಅಡ್ವಾನ್ಸ್ ಕೊಡುವುದಿಲ್ಲ. ಇಷ್ಟು ವರ್ಷ ಚೆನ್ನೈಯಲ್ಲಿದ್ದೂ ನನಗೆ ಹೊಳೆಯಲಿಲ್ಲ ನೋಡಿ.

ಆ ಸಮಯದಲ್ಲಿ ಮನೆ ಸಿದ್ಧ ಮಾಡಲು ಕೂತೆ. ಅಟ್ಟದ ಮೇಲೆ ಹಿತ್ತಾಳೆ ಕೊಳಗ, ಮುರಿದ ಬೊಂಬೆಗಳ ಪೆಟ್ಟಿಗೆ, ಕಟ್ಟು ಕಟ್ಟು ಸುಧಾ, ಮಯೂರ. ಬೀರು ತೆರೆದರೆ ನುಸಿಗುಳಿಗೆ ವಾಸನೆ. ಹಾಲಿನಲ್ಲಿ ನಾಲ್ಕು ಜನ ನಿಂತರೆ ಐದನೆಯವರಿಗೆ ಜಾಗ ಇಲ್ಲ. ಅರ್ಧ ಸಾಮಾನು ಸಾಗಿಸಿದೆ, ಕಿಟಕಿಯ ದಪ್ಪ ಪರದೆ ತೆಗೆದೆ, ಟ್ಯೂಬ್‌ಲೈಟ್ ಬದಲಾಯಿಸಿದೆ, ಅಡುಗೆಮನೆಯ ಜಿಡ್ಡು ಉಜ್ಜಿ ತೆಗೆಸಿದೆ. ಹೆಚ್ಚು ಖರ್ಚಿಲ್ಲ, ಆದರೆ ಮನೆ ಎರಡರಷ್ಟು ದೊಡ್ಡದಾಗಿ ಕಂಡಿತು. ಇದನ್ನು ಎಲ್ಲರೂ ಮಾಡಬಹುದು. ಹೊಸ ಟೈಲ್ಸ್, ಹೊಸ ಮಾಡ್ಯುಲರ್ ಕಿಚನ್ನಿಗೆ ಮಾತ್ರ ದುಡ್ಡು ಸುರಿಯಬೇಡಿ. ಯಾಕೆ ಅಂತ ಹೇಳುತ್ತೇನೆ.

ಹಳೇ ಫ್ಲ್ಯಾಟಿಗೆ ಎರಡು ಥರ ಜನ ಬರುತ್ತಾರೆ. ಒಬ್ಬರು ಟೈಲ್ಸ್ ಕಡೆ ತಿರುಗಿಯೂ ನೋಡುವುದಿಲ್ಲ, ಬಾಗಿಲಲ್ಲೇ "ಯುಡಿಎಸ್ ಎಷ್ಟು?" ಅನ್ನುತ್ತಾರೆ. ಅಂದರೆ ಕಟ್ಟಡ ನಿಂತ ನೆಲದಲ್ಲಿ ನಮ್ಮ ಪಾಲು. ಮುಂದೆ ಕೆಡವಿ ಕಟ್ಟುವಾಗ ಬೆಲೆ ಬರುವುದು ಅದಕ್ಕೇ. ಇನ್ನೊಬ್ಬರು ವಾಸಕ್ಕೆ ಬರುವವರು. ಅವರ ಮೊದಲ ಪ್ರಶ್ನೆ ನೀರು. 2019ರ ಬೇಸಿಗೆ ಕಂಡ ಊರಿದು, ಕೇಳದೆ ಇರುತ್ತಾರೆಯೇ? ಮೆಟ್ರೋ ನೀರು ಬರುತ್ತದಾ, ಬೋರ್ ಎಷ್ಟು ಆಳ, ಸಂಪು ಎಷ್ಟು ದೊಡ್ಡದು. ಎರಡನೆಯ ಪ್ರಶ್ನೆ ಮಳೆ.

ಈಗ ಆ ದಿನದ ವಿಷಯ ಹೇಳಬೇಕು. ಅಕ್ಟೋಬರಿನಲ್ಲಿ ಒಂದು ದಂಪತಿ ಬಂದರು. ಅತ್ತೆ ತಮ್ಮ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಆ ಹೆಂಗಸು ಒಳಗೆ ಇಣುಕಿ, ಗಂಡನಿಗೆ ತಮಿಳಿನಲ್ಲಿ, "ವಯಸ್ಸಾದವರ ಮನೆ, ವಾಸನೆ ಹೋಗಲ್ಲ" ಅಂದಳು. ಮೂವತ್ತೇಳು ವರ್ಷ ಕೀಲ್ಪಾಕ್‌ನಲ್ಲಿದ್ದ ಅತ್ತೆಗೆ ತಮಿಳು ಬರುವುದಿಲ್ಲ ಅಂದುಕೊಂಡಳೋ ಏನೋ.

ಅವರು ಹೋದ ಮೇಲೆ ಅತ್ತೆ ಅಂದರು, "ಮುಂದಿನ ಸಲ ಯಾರಾದರೂ ಬಂದರೆ ನನ್ನನ್ನೂ ಆ ಸುಧಾ ಕಟ್ಟಿನ ಜೊತೆ ಎತ್ತಿಡು ಕಣೇ."

ನಾನು ಏನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಮುಂದಿನ ಭಾನುವಾರ ಅವರನ್ನು ಮಗಳ ಮನೆಗೆ ಕಳಿಸಬೇಕು ಅಂತ ನಾನು ಆಗಲೇ ಯೋಚಿಸಿದ್ದೆ. ಅದು ಅವರಿಗೆ ಗೊತ್ತಾಗಿತ್ತು. ಇದನ್ನು ಇಷ್ಟು ಜನರ ಮುಂದೆ ಮೊದಲ ಸಲ ಹೇಳುತ್ತಿದ್ದೇನೆ.

ಕಳಿಸಲಿಲ್ಲ. ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ಆಮೇಲೆ ಒಂದು ತಿಂಗಳು ಯಾರೂ ಬರಲಿಲ್ಲ. ಪೊಂಗಲ್ ಮುಗಿದ ವಾರ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು. ನಾನು ಗಾಳಿ ಬೆಳಕು, ಮೆಟ್ರೋ ಸ್ಟೇಷನ್ ಹತ್ತಿರ ಅಂತ ನನ್ನ ಪಾಠ ಒಪ್ಪಿಸುತ್ತಿದ್ದೆ. ಆಕೆ "ಈ ಮಳೆಯಲ್ಲಿ ನೀರು ಎಲ್ಲಿವರೆಗೆ ಬಂತು?" ಅಂದರು. ನಾನು ತಡವರಿಸಿದೆ. ಅತ್ತೆ ಕೋಲು ಹಿಡಿದು ಎದ್ದು ಬಂದು ಹೇಳತೊಡಗಿದರು: 2015ರಲ್ಲಿ ಗೇಟಿನ ಒಳಗೆ ಮೊಣಕಾಲುವರೆಗೆ ನೀರು, ಈ ಸಲ ಎರಡು ಮೆಟ್ಟಿಲು, ಕರೆಂಟು ಇಲ್ಲದೆ ಎಷ್ಟು ದಿನ, ಮೆಟ್ರೋ ನೀರು ಬೆಳಿಗ್ಗೆ ಎಷ್ಟು ಹೊತ್ತಿಗೆ, ಯಾವ ತಿಂಗಳು ಬೋರ್ ನೀರು ಗಡಸಾಗುತ್ತದೆ. 2003ರಲ್ಲಿ ಸರ್ಕಾರ ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗ ತೋಡಿಸಿದ ಗುಂಡಿ ಎಲ್ಲಿದೆ ಅಂತಲೂ ಹೇಳಿದರು. ನನಗೇ ಗೊತ್ತಿರಲಿಲ್ಲ.

ಅಲ್ಲಿಗೆ ನಿಲ್ಲಿಸಲಿಲ್ಲ. ಮಲಗುವ ಕೋಣೆಗೆ ಕರೆದುಕೊಂಡು ಹೋಗಿ, ಕೋಲಿನಿಂದ ಗೋಡೆ ತೋರಿಸಿ, "ಇಲ್ಲಿ ಕೈಯಿಟ್ಟು ನೋಡಮ್ಮ" ಅಂದರು. ಅದರ ಹಿಂದೆ ಬಚ್ಚಲು. ಮೊದಲಿಂದಲೂ ತೇವ ಜಿನುಗುವ ಗೋಡೆ. ಪೇಂಟರು ಪುಟ್ಟಿ ಹಚ್ಚಿ ಬಳಿದು, "ಆರು ತಿಂಗಳು ಏನೂ ಕಾಣಲ್ಲ ಅಮ್ಮಾ" ಅಂದಿದ್ದ, ನಾನು ದುಡ್ಡು ಕೊಟ್ಟಿದ್ದೆ. ನನ್ನ ಮುಖ ಹೇಗಾಗಿರಬೇಡ!

ಅವರು ಪ್ಲಂಬರನ್ನು ಕರೆತಂದು ತೋರಿಸಿದರು, ಆ ಗೋಡೆಗೆಂದು ಒಂದೂವರೆ ಲಕ್ಷ ಇಳಿಸಿ ಕೇಳಿದರು. ನಾನು ಅತ್ತೆಯ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅವರು ಅಡ್ವಾನ್ಸ್ ಚೆಕ್ ತಂದರು. "ಅಮ್ಮ ಇಷ್ಟು ಹೇಳಿದ ಮೇಲೆ ಹೇಳದೆ ಬಿಟ್ಟಿದ್ದು ಏನೂ ಇರಲ್ಲ ಅಂತ ನಂಬಿಕೆ ಬಂತು" ಅಂದರು ಆಕೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ನನ್ನ ಮಾತು ಮರೆತರೂ ಇದನ್ನು ಬರೆದಿಟ್ಟುಕೊಳ್ಳಿ. ಮೂಲ ಕ್ರಯಪತ್ರ, ವಿಲ್ಲಂಗ ಪತ್ರ, ಅಂದರೆ ಇಸಿ, ಆಸ್ತಿ ತೆರಿಗೆ ಮತ್ತು ನೀರಿನ ತೆರಿಗೆ ರಸೀತಿಗಳು, ಇವನ್ನು ಬಣ್ಣ ಬಳಿಸುವ ಮೊದಲೇ ಒಂದು ಫೈಲಿನಲ್ಲಿಡಿ. ಮನೆ ಮಾವನ ಹೆಸರಿನಲ್ಲಿತ್ತು, ಅವರು ವಿಲ್ ಬರೆದಿರಲಿಲ್ಲ. ಹಾಗಾಗಿ ತಹಶೀಲ್ದಾರರಿಂದ ವಾರಸುದಾರರ ಸರ್ಟಿಫಿಕೇಟ್ ಬೇಕಾಯಿತು. ಅತ್ತೆ, ನನ್ನ ಯಜಮಾನರು, ಮೈದುನ, ನಾದಿನಿ ನಾಲ್ವರಿಗೂ ಸಮಪಾಲು. ಹೆಣ್ಣುಮಗಳ ಸಹಿ "ಆಮೇಲೆ ನೋಡೋಣ" ಅನ್ನುವ ಮನೆಗಳು ಇನ್ನೂ ಇವೆ, ವಕೀಲರ ಹತ್ತಿರ ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. ಮೈದುನ ಅಮೆರಿಕದಲ್ಲಿ. ಅವನ ಪವರ್ ಆಫ್ ಅಟಾರ್ನಿ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಹಾಕಿಸಬೇಕು. ಹಾಗೇ, 2001ರ ಏಪ್ರಿಲ್ 1ಕ್ಕೆ ಮುಂಚಿನ ಮನೆಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆಯಾಗಿ ಹಿಡಿದು ತೆರಿಗೆ ಲೆಕ್ಕ ಹಾಕಬಹುದು. ಆಡಿಟರನ್ನು ಮೊದಲೇ ಕೇಳಿ.

ಮಾರ್ಚಿನಲ್ಲಿ ರಿಜಿಸ್ಟ್ರೇಷನ್ ಆಯಿತು. ಈಗ ಅತ್ತೆ ಅಣ್ಣಾನಗರದಲ್ಲಿ ನಮ್ಮ ಜೊತೆ ಇದ್ದಾರೆ. ಲಿಫ್ಟಿನಲ್ಲಿ ಇಳಿದು ಸಂಜೆ ಕೆಳಗೆ ಕೂರುತ್ತಾರೆ. ಸುಧಾ ಕಟ್ಟುಗಳೂ ಬಂದಿವೆ, ನನ್ನ ಮಂಚದ ಕೆಳಗೆ.

ಹೋದ ವಾರ ಜೋರು ಮಳೆ ಬಂತಲ್ಲ, ಆ ರಾತ್ರಿ ಕೀಲ್ಪಾಕ್‌ನಿಂದ ಫೋನ್. ನನಗಲ್ಲ, ಅತ್ತೆಗೆ. ಸಂಪಿಗೆ ಮಳೆನೀರು ನುಗ್ಗದ ಹಾಗೆ ಯಾವ ವಾಲ್ವ್ ಮುಚ್ಚಬೇಕು ಅಂತ ಆಕೆ ಕೇಳಿದರಂತೆ. ಅತ್ತೆ ಹತ್ತು ನಿಮಿಷ ತಮಿಳಿನಲ್ಲಿ ವಿವರಿಸಿ ಫೋನಿಟ್ಟು, "ಎಡಗಡೆದು ಅಂತ ಹೇಳಿದೆ, ಸರಿ ತಾನೇ?" ಅಂತ ನನ್ನನ್ನು ಕೇಳಿದರು. ನನಗೆಲ್ಲಿ ಗೊತ್ತು!