ಹೆಸರಿನ ಲೆಕ್ಕ, ಒಳಿತಿನ ಲೆಕ್ಕ



ಗಣಕಯಂತ್ರದ ಆಟಗಳಲ್ಲಿ ಒಂದು ವಿಶೇಷ ಬಗೆಯಿದೆ. ಅದಕ್ಕೆ ಓಪನ್ ವರ್ಲ್ಡ್ ರೋಲ್ ಪ್ಲೇಯಿಂಗ್ ಆಟ ಎನ್ನುತ್ತಾರೆ. ಆಟಗಾರ ಇಲ್ಲಿ ಒಂದು ಪಾತ್ರ ಧರಿಸಿ, ವಿಶಾಲವಾದ ಕಲ್ಪಿತ ನಾಡೊಂದರಲ್ಲಿ ತನಗೆ ತೋಚಿದಂತೆ ತಿರುಗಾಡುತ್ತಾನೆ. ಅಲ್ಲಿ ಊರುಗಳಿವೆ, ಅಂಗಡಿಗಳಿವೆ, ಕಾವಲುಗಾರರಿದ್ದಾರೆ. ಬಾಯಾರಿದವನಿಗೆ ನೀರು ಕೊಡಬಹುದು, ಅಂಗಡಿಯಲ್ಲಿ ಕದಿಯಲೂಬಹುದು. ಹಾಗಾದರೆ ಅವನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಯಂತ್ರಕ್ಕೆ ಅಂತಃಕರಣವಿಲ್ಲ. ಅದು ಬಲ್ಲದ್ದು ಸಂಖ್ಯೆಯನ್ನು ಮಾತ್ರ. ಒಳಿತು ಕೆಡುಕುಗಳನ್ನು ಸಂಖ್ಯೆಗೆ ಇಳಿಸಲು ಆಟ ರಚಿಸುವವರು ಪಟ್ಟಿರುವ ಪಾಡು ನಾವೂ ತಿಳಿಯಬೇಕಾದ ವಿಷಯ.

ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು 1985ರಲ್ಲಿ ನಡೆಯಿತು. ಅಮೆರಿಕದ ರಿಚರ್ಡ್ ಗ್ಯಾರಿಯಟ್ ಅವರು ರಚಿಸಿದ 'ಅಲ್ಟಿಮಾ 4' ಎಂಬ ಆಟ ಅದು. ಅದರ ನಾಯಕ ತಲುಪಬೇಕಾದ ಪದವಿಯ ಹೆಸರು 'ಅವತಾರ್'. ನಮ್ಮ ಅವತಾರ ಶಬ್ದವೇ. ರಾಕ್ಷಸನನ್ನು ಕೊಂದರೆ ಇಲ್ಲಿ ಗೆಲುವಿಲ್ಲ. ಪ್ರಾಮಾಣಿಕತೆ, ಕರುಣೆ, ನ್ಯಾಯ, ವಿನಯ ಮೊದಲಾದ ಎಂಟು ಗುಣಗಳಲ್ಲಿ ಪಕ್ವವಾಗಬೇಕು. ಮಂತ್ರಕ್ಕೆ ಬೇಕಾದ ಗಿಡಮೂಲಿಕೆ ಮಾರುವವಳು ಕುರುಡಿ. ಎಷ್ಟು ನಾಣ್ಯ ಕೊಡುತ್ತೀರಿ ಎಂಬುದು ನಿಮಗೇ ಬಿಟ್ಟದ್ದು. ಕಡಿಮೆ ಕೊಟ್ಟರೆ ಆ ಕ್ಷಣದಲ್ಲಿ ಯಾರೂ ಕೇಳುವುದಿಲ್ಲ, ಅಂಕವೂ ತೆರೆಯ ಮೇಲೆ ಕಾಣುವುದಿಲ್ಲ. ಆದರೆ ಯಂತ್ರ ಒಳಗೊಳಗೇ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಅರಮನೆಯ ಜ್ಞಾನಿಯನ್ನು ಕೇಳಿದಾಗಲೇ ನಿಮ್ಮ ನಿಜಸ್ಥಿತಿ ತಿಳಿಯುವುದು.

2008ರಲ್ಲಿ ಬಂದ 'ಫಾಲ್‌ಔಟ್ 3' ಇನ್ನೊಂದು ದಾರಿ ಹಿಡಿಯಿತು. ಅಣುಯುದ್ಧದ ನಂತರದ ಅಮೆರಿಕ ಅದರ ಕಥಾಭೂಮಿ. ಅಲ್ಲಿ 'ಕರ್ಮ' ಎಂಬ ಒಂದೇ ಅಳತೆಗೋಲು. ಒಂದು ತುದಿಯಲ್ಲಿ ಋಣ 1000, ಇನ್ನೊಂದು ತುದಿಯಲ್ಲಿ ಧನ 1000. ಸಿಡಿಯದೆ ಉಳಿದ ಬಾಂಬಿನ ಸುತ್ತ ಕಟ್ಟಿಕೊಂಡ ಊರೊಂದಿದೆ. ಹಣದಾಸೆಗೆ ಆ ಬಾಂಬನ್ನು ಸಿಡಿಸಿದರೆ 1000 ಅಂಕ ಕಳೆಯುತ್ತದೆ. ಬಾಯಾರಿದ ಭಿಕ್ಷುಕನಿಗೆ ಶುದ್ಧ ನೀರಿನ ಒಂದು ಬಾಟಲಿ ಕೊಟ್ಟರೆ 50 ಅಂಕ ಕೂಡುತ್ತದೆ. ಲೆಕ್ಕ ಹಾಕಿ ನೋಡಿ: ಇಪ್ಪತ್ತು ಬಾಟಲಿ ನೀರಿಗೆ ಒಂದು ಊರಿನ ಸಾವು ಸರಿದೂಗಿತು! ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ತೋರುವ ದೋಷ ಸರಳವಾದದ್ದು. ಋಣವನ್ನೂ ಧನವನ್ನೂ ಕೂಡಿದರೆ ಸೊನ್ನೆ ಬರುತ್ತದೆ. ಏನನ್ನೂ ಮಾಡದವನ ಲೆಕ್ಕವೂ ಸೊನ್ನೆಯೇ. ಇಬ್ಬರೂ ಒಂದೇ ಎಂದು ಒಪ್ಪಲು ನಮ್ಮ ಮನಸ್ಸು ಸಿದ್ಧವಿದೆಯೇ?

2011ರ 'ಸ್ಕೈರಿಮ್' ಆಟದಲ್ಲಿ ಕರ್ಮದ ಲೆಕ್ಕವಿಲ್ಲ, ಸಾಕ್ಷಿಯ ಲೆಕ್ಕವಿದೆ. ಒಂಬತ್ತು ಸೀಮೆಗಳಿದ್ದು, ಒಂದೊಂದು ಸೀಮೆಯಲ್ಲೂ ಅಪರಾಧಿಯ ತಲೆಗೆ ಬೇರೆ ಬೇರೆ ಬೆಲೆ. ಕೊಲೆಗೆ 1000 ನಾಣ್ಯ. ಆದರೆ ಕಂಡವರು ಯಾರೂ ಇಲ್ಲದಿದ್ದರೆ ಅಪರಾಧವೇ ಇಲ್ಲ. ಕಂಡ ಕೊನೆಯ ಸಾಕ್ಷಿಯನ್ನೂ ಮುಗಿಸಿದರೆ ದಂಡ ತಾನಾಗಿ ರದ್ದು. ಅಂಗಡಿಯವನ ತಲೆಗೆ ಬುಟ್ಟಿ ಕವುಚಿ, ಅವನೆದುರೇ ಸರಕು ಕದಿಯುವ ಉಪಾಯವನ್ನು ಆಟಗಾರರು ಕಂಡುಕೊಂಡರು. ನಮ್ಮ ಗಾದೆಯ ಬೆಕ್ಕು ತಾನು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಈ ಬೆಕ್ಕು ಮನೆಯವರ ಕಣ್ಣನ್ನೇ ಮುಚ್ಚಿತು!

ಈ ಎರಡಕ್ಕಿಂತ ಸೂಕ್ಷ್ಮವಾದ ವಿಧಾನ 2010ರ 'ಫಾಲ್‌ಔಟ್: ನ್ಯೂ ವೇಗಸ್' ಆಟದ್ದು. ಅದು ಕರ್ಮವನ್ನು ಉಳಿಸಿಕೊಂಡು, ಅದರ ಜೊತೆಗೆ ಹೆಸರಿನ ಲೆಕ್ಕವನ್ನೂ ಇಟ್ಟಿತು. ಮುಖ್ಯ ಊರುಗಳೂ ಪಂಗಡಗಳೂ ನಿಮ್ಮ ಬಗ್ಗೆ ಎರಡು ಖಾತೆ ಇಟ್ಟುಕೊಳ್ಳುತ್ತವೆ: ಕೀರ್ತಿಯದೊಂದು, ಅಪಕೀರ್ತಿಯದೊಂದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಎರಡೂ ಬೆಳೆದವನನ್ನು ಜನ ಅನುಮಾನದಿಂದಲೇ ಕಾಣುತ್ತಾರೆ. ಕಥೆಯಲ್ಲಿ ಒಂದೆರಡು ಕಡೆ ಕ್ಷಮಾದಾನವೂ ಉಂಟು. ಆದರೆ ಅದನ್ನು ಕೊಡಬೇಕಾದವರು ನೊಂದ ಪಕ್ಷದವರು. ಆಟಗಾರ ತಾನಾಗಿ ಬಾಟಲಿ ಎಣಿಸಿ ಕೊಂಡುಕೊಳ್ಳುವಂತಿಲ್ಲ. ಊರಿನ ನೆನಪು ಇರುವುದೂ ಹೀಗೆಯೇ ಅಲ್ಲವೇ?

ಇವೆಲ್ಲ ಹುಡುಗರ ಆಟ, ನಮಗೇಕೆ ಎಂದು ತಾವು ಕೇಳಬಹುದು. ಇಂದು ಬಾಡಿಗೆ ಕಾರಿನ ಚಾಲಕನಿಗೂ ಮನೆ ಬಾಗಿಲಿಗೆ ಊಟ ತರುವ ಹುಡುಗನಿಗೂ ನಾವು ಮೊಬೈಲಿನಲ್ಲಿ ನಕ್ಷತ್ರಗಳನ್ನು ಕೊಡುತ್ತೇವೆ. ನೂರು ಜನ ನೂರು ಕಾರಣಕ್ಕೆ ಕೊಟ್ಟದ್ದು ಕೊನೆಗೆ ಒಂದೇ ಸರಾಸರಿಯಾಗಿ ಉಳಿಯುತ್ತದೆ. ಮಳೆಯಲ್ಲಿ ತಡವಾದದ್ದಕ್ಕೂ ಒರಟಾಗಿ ಮಾತನಾಡಿದ್ದಕ್ಕೂ ಅಲ್ಲಿ ವ್ಯತ್ಯಾಸ ಕಾಣದು. ಆಟದಲ್ಲಿ ಅಂಕ ಹೋದರೆ ಹಳೆಯ ಘಟ್ಟದಿಂದ ಮತ್ತೆ ಆಡಬಹುದು. ಈ ಅಂಕ ಇಳಿದರೆ ಒಬ್ಬನ ಅನ್ನಕ್ಕೇ ಪೆಟ್ಟು. ದೂರದರ್ಶನದ ಕೆಲಸದಲ್ಲಿರುವ ನಮಗೂ ಈ ಬಗೆಯ ಅಂಕ ಹೊಸದಲ್ಲ. ಎಷ್ಟು ಮನೆಗಳಲ್ಲಿ ಕಾರ್ಯಕ್ರಮ ನೋಡಿದರೆಂದು ಸಂಖ್ಯೆ ಹೇಳುತ್ತದೆ. ನೋಡಿದವರಿಗೆ ಏನನ್ನಿಸಿತೆಂದು ಹೇಳುವುದಿಲ್ಲ.

ಸಂಖ್ಯೆ ಬೇಡವೆಂದಲ್ಲ. ಅದು ಯಾವುದನ್ನು ಎಣಿಸಿತು, ಯಾವುದನ್ನು ಬಿಟ್ಟಿತು ಎಂದು ಕೇಳುವ ಅಭ್ಯಾಸ ನಮಗಿರಬೇಕು. ಮನೆಯಲ್ಲಿ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಗದರಿಸುವ ಮೊದಲು ಹತ್ತಿರ ಕುಳಿತು ನೋಡಿ. ಎಷ್ಟು ಅಂಕ ಬಂತು ಎಂದು ಕೇಳುವ ಬದಲು, ನೀನು ಹಾಗೆ ಮಾಡಿದ್ದರಿಂದ ಆ ಊರಿನವರಿಗೆ ಏನಾಯಿತು ಎಂದು ಕೇಳಿ. ಕುರುಡಿಯ ಅಂಗಡಿಯಲ್ಲಿ ಎಷ್ಟು ನಾಣ್ಯ ಇಡಬೇಕೆಂಬುದನ್ನು ಮಗು ತಾನೇ ಯೋಚಿಸತೊಡಗಿದರೆ, ಆ ಹೊತ್ತು ವ್ಯರ್ಥವಾಯಿತೆನ್ನಲಾಗದು.