ರೊಟ್ಟಿಯ ಪ್ರಶ್ನೆ: ಬಾಸೆಲ್ ಮಿಶನ್ ಸಭೆಯ ಕಥೆ

ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ಕಡೆ ಹಳೆಯ ಮನೆಯನ್ನು ಬಿಚ್ಚಿದಾಗ ಇಳಿಸಿಟ್ಟ ಹೆಂಚುಗಳನ್ನು ತಿರುವಿ ನೋಡಿದರೆ, ಕೆಲವದರ ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಯ ಮುದ್ರೆ ಕಂಡೀತು. ಮಣ್ಣಿನ ಮಾಳಿಗೆಗಳ ಜಗಳೂರು ಸೀಮೆಗೂ ಆ ಹೆಂಚು ಅಪರಿಚಿತವಲ್ಲ. ಸಾಹಿತ್ಯದ ಗೀಳಿರುವವರ ಮನೆಯಲ್ಲಿ ಕಿಟ್ಟೆಲರ ನಿಘಂಟು ಇದ್ದೇ ಇರುತ್ತದೆ. ಹೆಂಚನ್ನು ಸುಟ್ಟವರೂ ನಿಘಂಟನ್ನು ಅಚ್ಚು ಹಾಕಿದವರೂ ಒಂದೇ ಕ್ರೈಸ್ತ ಸಭೆಗೆ ಸಂಬಂಧಪಟ್ಟವರೆಂಬುದು ಮಾತ್ರ ಅನೇಕರ ಗಮನಕ್ಕೆ ಬಂದಂತಿಲ್ಲ. ಆ ಸಭೆಯ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದನ್ನು ಲೂಥರನ ಸಭೆಯೆಂದು ಕರೆಯಬಹುದೆ? ಪೂರ್ತಿಯಾಗಿ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಮಿಶನ್ ಸ್ಥಾಪನೆಯಾಯಿತು. ಪಟ್ಟಣ ಕಾಲ್ವಿನ್ ಮೊದಲಾದವರ ಸುಧಾರಿತ ಪಂಥದ್ದು. ಅಲ್ಲಿ ಕಲಿತು ಹೊರಟವರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ ಅನುಯಾಯಿಗಳು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ಶರೀರ ನಿಜವಾಗಿಯೇ ಸನ್ನಿಹಿತವೋ, ಅದು ಕೇವಲ ಸ್ಮರಣೆಯ ಕುರುಹೋ ಎಂದು ಮುನ್ನೂರು ವರ್ಷ ಕಾದಾಡಿದ ಎರಡು ಪಂಥಗಳು ಈ ಮಿಶನ್ನಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತವು. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಠಾಣೆಗಳು ತರುವಾಯದ ಕೆಲವೇ ವರ್ಷಗಳಲ್ಲಿ ಎದ್ದವು. ಆದರೆ ಕನ್ನಡದ ನೆಲದಲ್ಲಿ ಅವರನ್ನು ಎದುರುಗೊಂಡದ್ದು ಬೇರೊಂದು ರೊಟ್ಟಿಯ ಪ್ರಶ್ನೆ. ದೀಕ್ಷಾಸ್ನಾನ ಪಡೆದವನು ಮರುದಿನ ಉಣ್ಣುವುದೇನನ್ನು?

ಈ ಪ್ರಶ್ನೆ ಎಷ್ಟು ಕಠೋರವಾಗಿತ್ತೆಂಬುದನ್ನು ಇಂದು ಊಹಿಸುವುದು ಕಷ್ಟ. ಕರಾವಳಿಯ ಸಭೆಯಲ್ಲಿ ಬಿಲ್ಲವರು ಬಹುಸಂಖ್ಯಾತರು. ಶೇಂದಿ ಇಳಿಸುವ ಕಸುಬನ್ನು ಮಿಶನರಿಗಳು ಒಪ್ಪಲಿಲ್ಲ. ಬೇಸಾಯದ ನೆಲವೋ ಭೂತಾರಾಧನೆಯ ಕಟ್ಟುಕಟ್ಟಳೆಗಳೊಡನೆ ಹೆಣೆದುಕೊಂಡದ್ದು. ಭೂತವನ್ನು ಬಿಟ್ಟವನಿಗೆ ಗುತ್ತು, ಬೀಡುಗಳ ಆಶ್ರಯ ಉಳಿಯುವುದು ದುರ್ಲಭ. ಅಳಿಯಸಂತಾನದ ಕುಟುಂಬದಿಂದ ಹೊರಬಿದ್ದವನ ಪಾಲಿನ ಮಾತಂತೂ ಕೇಳುವುದೇ ಬೇಡ. ಮತಾಂತರದಿಂದ ಆಸ್ತಿಯ ಹಕ್ಕು ಹೋಗದೆಂದು 1850ರಲ್ಲಿ ಸರ್ಕಾರ ಕಾಯಿದೆ ಮಾಡಿತು, ನಿಜ. ಆದರೆ ಕಾಯಿದೆಯ ಕಾಗದ ಮನೆಯ ಬಾಗಿಲನ್ನು ತೆರೆಸಬಲ್ಲುದೆ?

ಮೇಲುಜಾತಿಯವರಿಗೂ ಇದು ಸುಲಭದ ದಾರಿಯಾಗಿರಲಿಲ್ಲ. ಸಾರಸ್ವತ ಮನೆತನದ ಆನಂದರಾಯ ಕೌಂಡಿನ್ಯ ಮಿಶನ್ ಶಾಲೆಯಲ್ಲಿ ಮೋಗ್ಲಿಂಗರ ಶಿಷ್ಯ. 1844ರ ಜನವರಿಯಲ್ಲಿ ಆತ ಗೆಳೆಯರೊಡನೆ ದೀಕ್ಷೆ ಪಡೆದಾಗ ಮಂಗಳೂರು ಪಟ್ಟಣವೇ ಕುದಿಯಿತು. ಆತ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಮೋಗ್ಲಿಂಗರ ಹೆಸರನ್ನು, 1843ರಲ್ಲಿ ಅವರು ಹೊರಡಿಸಿದ 'ಮಂಗಳೂರ ಸಮಾಚಾರ'ವನ್ನು ನಾವು ಪರೀಕ್ಷೆಗಾಗಿಯಾದರೂ ಬಾಯಿಪಾಠ ಮಾಡಿದ್ದೇವೆ. ಕೌಂಡಿನ್ಯರ ಹೆಸರನ್ನು ಎಷ್ಟು ಜನ ಕೇಳಿದ್ದೇವೆ? ಊರೂರು ತಿರುಗಿದ ಉಪದೇಶಿಗಳ ಹೆಸರು ಇನ್ನೂ ದೂರವೇ ಉಳಿಯಿತು.

ಅನ್ನಕ್ಕಾಗಿ ಮೊದಲು ಬೇಸಾಯವನ್ನು ಪರೀಕ್ಷಿಸಿ ನೋಡಿದರು. ಕಾಲಜ್ಞಾನದ ವಚನಗಳನ್ನು ನಂಬಿ, ಹೊಸ ಧರ್ಮವೊಂದು ಬರುವುದೆಂದು ಕಾದಿದ್ದ ಉತ್ತರ ಕರ್ನಾಟಕದ ಕೆಲವರು ತಾವಾಗಿಯೇ ಮಿಶನರಿಗಳ ಬಳಿ ಬಂದಿದ್ದರು. ಅವರಿಗಾಗಿ 1841ರಲ್ಲಿ ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲು ನೆಲೆ ಏರ್ಪಟ್ಟಿತು. ನಿರೀಕ್ಷೆ ದೊಡ್ಡದಿತ್ತು, ಬಂದು ನಿಂತವರು ಬೆರಳೆಣಿಕೆಯಷ್ಟು. ಬಳಿಕ ಮಗ್ಗ ಬಂತು. ನೇಯ್ಗೆ ಬಲ್ಲ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದು ಅದನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿದರು. ಅದೇ ವರ್ಷ, ಖಣಕ್ಕೆ ಹೆಸರಾದ ಗುಳೇದಗುಡ್ಡದ ನೇಕಾರರ ನಡುವೆಯೂ ಮಿಶನ್ನಿನ ಠಾಣೆ ತೆರೆಯಿತು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹೆಂಚು ಮಾಡಿಸಿದರು. ನಮ್ಮೂರುಗಳ ಸೂರಿನ ಕಥೆ ಅಲ್ಲಿಂದ ಆರಂಭ.

ಇದರಿಂದ ಸಭೆ ಬದುಕಿತು. ಜಾತಿ ನಿಗದಿಮಾಡದ ಕಸುಬೊಂದು, ದಿನವೂ ಗಂಟೆ ಬಾರಿಸಿದೊಡನೆ ಕೈಗೆ ಬರುವ ಕೆಲಸವೊಂದು, ಹಲವರಿಗೆ ಮೊದಲ ಬಾರಿ ದೊರೆಯಿತು. ಆದರೂ ಹೇಳಬೇಕಾದ ಇನ್ನೊಂದು ಮಾತಿದೆ. ಭಾನುವಾರ ಉಪದೇಶ ಮಾಡುವ ಮಿಶನ್ನೇ ಸೋಮವಾರ ಕೂಲಿ ಕೊಡುವ ಧಣಿಯಾದಾಗ, ನಂಬಿಕೆಗೂ ಹಂಗಿಗೂ ನಡುವಣ ಗೆರೆ ಎಲ್ಲಿ? ಭೂಮಾಲಿಕನ ಹಂಗನ್ನು ಕಳಚಿಕೊಂಡವರು ಕಾರ್ಖಾನೆಯ ಹಂಗಿಗೆ ಬಿದ್ದರೆಂಬ ಟೀಕೆಯನ್ನು ನಾನು ಅಲ್ಲಗಳೆಯಲಾರೆ. ಆ ಕಾಲದಲ್ಲಿ ಬೇರೆ ದಾರಿ ಯಾವುದಿತ್ತೆಂದು ತೋರಿಸಲೂ ಆರೆ.

ಭಾಷೆಯ ವಿಷಯದಲ್ಲಿಯೂ ಇಂಥದೇ ಒಂದು ತೊಡಕು. ಸಭೆ ಹಾಡಬೇಕಿತ್ತು, ಜರ್ಮನ್ ರಾಗಗಳು ಸಿದ್ಧವಾಗಿದ್ದವು. ಆ ರಾಗದ ಪೆಟ್ಟು ಬೀಳುವೆಡೆಯಲ್ಲಿ ಕನ್ನಡದ ಹ್ರಸ್ವಾಕ್ಷರ ಬಂದರೆ ಅದನ್ನು ಎಳೆಯಬೇಕು. ಎಳೆದರೆ ಮಾತು ಸೊಟ್ಟಗಾಗುತ್ತದೆ. 1853ರಲ್ಲಿ ಬಂದ ಕಿಟ್ಟೆಲರ ಕಿವಿ ಇದಕ್ಕೆ ಕಿವುಡಾಗಿರಲಿಲ್ಲ. 1862ರ ತಮ್ಮ 'ಕಥಾಮಾಲೆ'ಯಲ್ಲಿ ಅವರು ಕ್ರಿಸ್ತನ ಚರಿತೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿಯೇ ಹಾಡಿದರು. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದರು. 1894ರ ನಿಘಂಟು ಆಮೇಲಿನದು. ನನಗೆ ತೋರುವಂತೆ, ಕಿಟ್ಟೆಲರನ್ನು ನಿಘಂಟುಕಾರರೆಂದಷ್ಟೇ ಕೊಂಡಾಡುವ ನಾವು, ಸಭೆಯೊಂದು ತನ್ನದೇ ನುಡಿಯ ಲಯದಲ್ಲಿ ಹಾಡಲೆಂಬ ಅವರ ಹಂಬಲವನ್ನು ಗುರುತಿಸಿದ್ದು ಸಾಲದು.

1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಶನರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ಹಲವರು ಅಹಮದನಗರದ ಶಿಬಿರದಲ್ಲಿ ಬಂಧಿಗಳಾದರು. ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಉಪದೇಶವೂ ಕೂಲಿಯೂ ಒಂದೇ ಕೈಯಿಂದ ಬರುತ್ತಿದ್ದ ಕಾಲ ಹೀಗೆ ಹಠಾತ್ತನೆ ಮುಗಿಯಿತು. ಧಣಿ ಬೇರೆಯಾದ, ಆದರೆ ಭಾನುವಾರದ ಗಂಟೆ ನಿಲ್ಲಲಿಲ್ಲ. ಅದುವರೆಗೆ ಎರಡನೆಯ ಸಾಲಿನಲ್ಲಿದ್ದ ಕನ್ನಡ, ತುಳು ಮನೆಮಾತಿನ ಸಭಾಪಾಲಕರೂ ಹಿರಿಯರೂ ಮುಂದೆ ಬಂದು ಹೊಣೆ ಹೊತ್ತರು.

1947ರಲ್ಲಿ ದಕ್ಷಿಣ ಇಂಡಿಯಾ ಸಭೆ ರೂಪುಗೊಂಡಾಗ ಕರಾವಳಿಯ ಸಭೆಗಳು ಅದರಲ್ಲಿ ಒಂದಾದವು. ಲೂಥರ್, ಕಾಲ್ವಿನ್ ಎಂಬ ಭೇದವನ್ನು ಅಲ್ಲಿ ಈಗ ವಿಚಾರಿಸುವವರು ವಿರಳ. ಆದರೆ ಭಾನುವಾರ ಬೆಳಗ್ಗೆ ಮಂಗಳೂರಿನ ಶಾಂತಿ ದೇವಾಲಯದ ಹೊರಗೆ ಸ್ವಲ್ಪ ಹೊತ್ತು ನಿಂತರೆ, ಮಾತು ಕನ್ನಡವಾಗಿ, ರಾಗ ಜರ್ಮನ್ ಆಗಿಯೇ ಉಳಿದ ಹಾಡು ಈಗಲೂ ಕಿವಿಗೆ ಬೀಳುತ್ತದೆ.