ಹಪ್ಪಳದ ಮಂಚ



ಎಲ್ಲರೂ ಹತ್ತಿರ ಬನ್ನಿ. ಮಕ್ಕಳು ಅಂಗಳದಲ್ಲಿ ಆಡಿಕೊಳ್ಳಲಿ, ಬಿಡಿ.

ಪೇಟೆ ಅಂಗಡಿಯವರು ನಮ್ಮ ಸಂಘದ ಹಪ್ಪಳ ಕೇಳಿ ಒಂದು ತಿಂಗಳಾಯಿತು. ಮೂರು ಸಭೆ ಆಯಿತು. ಮೂರು ಸಲವೂ "ಮುಂದಿನ ವಾರ ನೋಡೋಣ" ಅಂತ ಎದ್ದು ಹೋದೆವು. "ಮನೆಯವರನ್ನ ಕೇಳಿ ಹೇಳ್ತೀನಿ" ಅಂದವರೂ ಇದ್ದೀರಿ. ಸುಳ್ಳು ಯಾಕೆ, ನಾನೂ ಹಾಗೇ ಅಂದೆ. ಅದಕ್ಕೇ ಇವತ್ತು ಬೊಂಬಾಯಿಯ ಏಳು ಜನ ಹೆಂಗಸರ ವಿಷಯ ಹೇಳ್ತೀನಿ. ಇದು ಕಟ್ಟುಕತೆ ಅಲ್ಲ, ನಡೆದದ್ದು.

1959ನೇ ಇಸವಿ, ಮಾರ್ಚ್ 15. ಬೊಂಬಾಯಿಯ ಗಿರ್ಗಾಂವ್‌ನಲ್ಲಿ ಒಂದು ಕಟ್ಟಡ. ಅದರ ತಾರಸಿ ಮೇಲೆ ಏಳು ಜನ ಗುಜರಾತಿ ಹೆಂಗಸರು ಸೇರಿದರು. ಅವರಲ್ಲಿ ಒಬ್ಬರು ಜಸವಂತಿಬೆನ್ ಪೋಪಟ್. ಹೆಚ್ಚು ಓದಿದವರಲ್ಲ. ಆದರೆ ಹಪ್ಪಳ ಲಟ್ಟಿಸೋದು ಚೆನ್ನಾಗಿ ಗೊತ್ತಿತ್ತು. ಛಗನ್‌ಲಾಲ್ ಪಾರೇಖ್ ಎಂಬ ಸಮಾಜ ಸೇವಕರಿಂದ 80 ರೂಪಾಯಿ ಸಾಲ ತಂದರು. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ. ಗುರುತಿನ ವ್ಯಾಪಾರಿಗೆ ಮಾರಿದರು.

ಆರಂಭದಲ್ಲೇ ಒಂದು ಮಾತು ಗಟ್ಟಿ ಮಾಡಿಕೊಂಡರು. ನಷ್ಟ ಆದರೂ ಸರಿ, ದಾನ ಕೇಳಬಾರದು.

ಆಮೇಲೆ ಮಳೆಗಾಲ ಬಂತು. ಬೊಂಬಾಯಿ ಮಳೆ ಅಂದರೆ ನಮ್ಮ ಸೋನೆ ಮಳೆ ಅಲ್ಲ, ಹಗಲು ರಾತ್ರಿ ಸುರಿಯುತ್ತೆ. ಹಪ್ಪಳ ಒಣಗೋದು ಹೇಗೆ? ಹಸಿ ಹಪ್ಪಳ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತೆ. ಅವರು ಕೆಲಸವನ್ನೇ ನಿಲ್ಲಿಸಿದರು. ನಾಲ್ಕು ತಿಂಗಳು! ದುಡ್ಡು ಬರೋ ಕೆಲಸ ನಿಲ್ಲಿಸೋದು ಸುಲಭ ಅಲ್ಲ, ಯೋಚನೆ ಮಾಡಿ.

ಮುಂದಿನ ವರ್ಷ ಮಳೆಗೆ ಮುಂಚೆ ಸುಮ್ಮನೆ ಕೂರಲಿಲ್ಲ. ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿದರು. ಕೆಳಗೆ ಸ್ಟೌ ಹಚ್ಚಿದರು. ಹೊರಗೆ ಮಳೆ, ಒಳಗೆ ಹಪ್ಪಳ ಒಣಗಿತು. ಆಗದೇ ಹೋಗಿದ್ದರೆ? ಮಂಚ ಮಲಗೋಕೆ ಆಗ್ತಿತ್ತು, ಸ್ಟೌ ಅಡುಗೆಗೆ ಆಗ್ತಿತ್ತು! ಇಂಥ ಸಣ್ಣ ಖರ್ಚಿಗೆ ಮೂರು ಸಭೆ ಬೇಕಿಲ್ಲ. ಮಾಡಿ ನೋಡಿದರೆ ಆಯಿತು.

ಅವರು ತಪ್ಪೇ ಮಾಡಲಿಲ್ಲ ಅಂತಲ್ಲ. 1961ರಲ್ಲಿ ಮಲಾಡ್‌ನಲ್ಲಿ ಒಂದು ಶಾಖೆಗೆ ಕೈ ಹಾಕಿದರು. ಕೈಗೂಡಲಿಲ್ಲ. ಹಾಗಂತ ಅಂಗಡಿ ಮುಚ್ಚಲಿಲ್ಲ. 1968ರಲ್ಲಿ ಗುಜರಾತಿನ ವಾಲೋಡ್‌ನಲ್ಲಿ ಶಾಖೆ ತೆರೆದರು. ಜನ ಹೆಚ್ಚಾಗಿ ಜಾಗ ಸಾಲದೇ ಹೋದಾಗ, ಕಲಸಿದ ಹಿಟ್ಟನ್ನು ತೂಕ ಮಾಡಿ ಮನೆಗೆ ಕೊಟ್ಟರು. ಹೆಂಗಸರು ಮನೆಯಲ್ಲೇ ಲಟ್ಟಿಸಿ ತಂದುಕೊಟ್ಟರು. ಅದೇ ಇವತ್ತಿನ ಲಿಜ್ಜತ್ ಹಪ್ಪಳ. ನಲವತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಅದರಲ್ಲಿ ಕೆಲಸ ಇದೆ. ಜಸವಂತಿಬೆನ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಒಂದು ಮಾತು ಬಿಟ್ಟಿದ್ದೆ. ನಮಗೆ ಬೇಕಾದ್ದು ಅದೇ. ಶುರುವಿನಲ್ಲಿ ಅವರು ಎರಡು ತರಹ ಹಪ್ಪಳ ಮಾಡ್ತಿದ್ದರು. ಒಂದು ಒಳ್ಳೇದು, ಇನ್ನೊಂದು ಕಡಿಮೆ ಬೆಲೆಯದು. ಪಾರೇಖ್ ಅವರು, ಒಂದೇ ತರಹ ಮಾಡಿ, ಗುಣ ಕೆಡಿಸಬೇಡಿ, ಲೆಕ್ಕ ಸರಿಯಾಗಿ ಬರೆದಿಡಿ ಅಂತ ಹೇಳಿದರು. ಹೆಂಗಸರು ಒಪ್ಪಿದರು.

ಈಗ ನಮ್ಮ ಅಂಗಡಿಯವರು ಏನಂದರು? "ಉದ್ದಿನ ಹಿಟ್ಟಿಗೆ ಸ್ವಲ್ಪ ಮೈದಾ ಬೆರೆಸಿ, ರೇಟು ಇಳಿಸಿ" ಅಂದರು. ಇಲ್ಲಿ ಎರಡು ವಿಷಯ ಇದೆ. ನಾವು ಎರಡನ್ನೂ ಕಲಸಿಕೊಂಡು ಹೆದರಿದ್ದೇವೆ.

ಉಳಿತಾಯದ ದುಡ್ಡಲ್ಲಿ ಹತ್ತು ಕಿಲೋ ಉದ್ದಿನಬೇಳೆ ತರೋದು ಒಂದು. ಮಾರದೇ ಹೋದರೆ ನಮ್ಮ ಮನೆಗಳಿಗೇ ಹಂಚಿಕೊಳ್ಳೋಣ. ದೊಡ್ಡ ನಷ್ಟ ಏನಿಲ್ಲ. ನನ್ನ ಕೇಳಿದರೆ, ನಾಳೆಯೇ ತರಬೇಕು.

ಮೈದಾ ಬೆರೆಸೋದು ಇನ್ನೊಂದು. ಹಪ್ಪಳ ಕರಿದ ತಕ್ಷಣ ತಿನ್ನೋರಿಗೆ ಗೊತ್ತಾಗುತ್ತೆ. ಆಮೇಲೆ ಆ ಮನೆಯವರು ಮತ್ತೆ ನಮ್ಮ ಪೊಟ್ಟಣ ಮುಟ್ಟಲ್ಲ. ಅಂಗಡಿಯವರು ಬೇರೆ ಕಡೆ ಹಪ್ಪಳ ತರಿಸ್ತಾರೆ, ಅವರಿಗೇನು? ನಾನು ಬೇಡ ಅಂತೀನಿ. ಇದರಿಂದ ಈ ಗಿರಾಕಿ ಕೈ ತಪ್ಪಬಹುದು. ಅದನ್ನೂ ತಿಳಿದೇ ಹೇಳ್ತಿದ್ದೀನಿ.

ನಿಮ್ಮ ಮನಸ್ಸಲ್ಲಿ ಬೇರೆ ಇದ್ದರೆ ಬಾಯಿ ಬಿಟ್ಟು ಹೇಳಿ. ಹೊರಗೆ ಹೋಗಿ ಬಾವಿಕಟ್ಟೆ ಹತ್ತಿರ ಹೇಳಬೇಡಿ. ಮಾತು ಮುಗಿದ ಮೇಲೆ ಕೈ ಎತ್ತಿ. ಎಣಿಸೋಣ.

ನಡಾವಳಿ ಪುಸ್ತಕ ಇಲ್ಲಿದೆ. ಇಷ್ಟು ದಿನ ಮೇಷ್ಟ್ರು ಬರೀತಿದ್ದರು. ಇವತ್ತು ನಮ್ಮಲ್ಲೇ ಒಬ್ಬರು ಬರೀಲಿ. ಯಾರು ಬರ್ತೀರಿ? ಬಾ ತಾಯಿ, ಇಲ್ಲಿ ಕೂತ್ಕೋ. ಮೊದಲು ತಾರೀಖು ಹಾಕು.